ಕ್ರಿಸ್ಮಸ್ ಊಟಕ್ಕೆ ಕರೆದಿದ್ದಾರೆ, ಹೋಗಲಾ?

ತಂಗಿ, ನಿನ್ನ ಪ್ರಶ್ನೆ ಓದಿದೆ. ಕಾಸರಗೋಡಿನ ಪೆರ್ಲದಿಂದ ಐರ್ಲೆಂಡಿಗೆ ಬಂದ ಮೇಲೆ ಇದು ನಿನ್ನ ಮೊದಲ ಚಳಿಗಾಲ. ವಾರ್ಡಿನ ಹಿರಿಯ ನರ್ಸ್ ಒಬ್ಬರು 25ಕ್ಕೆ ಮನೆಗೆ ಊಟಕ್ಕೆ ಕರೆದಿದ್ದಾರೆ. ನಾನು ಕ್ರಿಶ್ಚಿಯನ್ ಅಲ್ಲ, ಅವರ ಮನೆಯವರ ಮಧ್ಯೆ ಹೋಗಿ ಏನು ಮಾಡಲಿ, ಸುಮ್ನೆ ಡ್ಯೂಟಿ ಕೇಳಿ ಹಾಕಿಸಿಕೊಳ್ಳಲಾ ಅಂತ ಕೇಳಿದ್ದೀಯ.

ಡ್ಯೂಟಿ ಮುಂದಿನ ವರ್ಷಕ್ಕಿರಲಿ. ಈ ಸಲ ಊಟಕ್ಕೆ ಹೋಗು.

ಆ ದಿನ ಇಲ್ಲಿ ಬಸ್ಸಿಲ್ಲ, ರೈಲಿಲ್ಲ. ಡಬ್ಲಿನ್ ಏರ್‌ಪೋರ್ಟಿನಿಂದ ವಿಮಾನವೂ ಹಾರುವುದಿಲ್ಲ. ನಮ್ಮ ಕಡೆ ಹರತಾಳದ ದಿನ ಕೂಡ ರಸ್ತೆ ಇಷ್ಟು ಖಾಲಿ ಇರುವುದಿಲ್ಲ. ಸಂಜೆ ನಾಲ್ಕು ದಾಟಿದರೆ ಕತ್ತಲೆ ಬೇರೆ. ಯಾರು ಕರೆದುಕೊಂಡು ಹೋಗುತ್ತಾರೆ, ಯಾರು ವಾಪಸ್ ಬಿಡುತ್ತಾರೆ ಅಂತ ಈಗಲೇ ಕೇಳಿಟ್ಟುಕೋ. ಹಾಲು, ಬ್ರೆಡ್ಡು 24ರ ಮಧ್ಯಾಹ್ನದೊಳಗೆ ತಂದಿಡು.

ಕ್ರಿಶ್ಚಿಯನ್ ಅಲ್ಲ ಅನ್ನುತ್ತೀಯಲ್ಲ, ನೀನೂ ಕಾಸರಗೋಡಿನ ಕನ್ನಡ ಮೀಡಿಯಮಿನವಳೇ ತಾನೆ? ಕರ್ನಾಟಕದ ಮಕ್ಕಳಿಗೆ ದೊಡ್ಡದು ದಸರಾ ರಜೆ. ನಮಗೆ ಕೇರಳದ ಲೆಕ್ಕ: ಕ್ರಿಸ್ಮಸ್ ಪರೀಕ್ಷೆ, ಅದು ಮುಗಿದರೆ ಕ್ರಿಸ್ಮಸ್ ರಜೆ. ಬೇಳದ ನಮ್ಮ ಕ್ರಿಶ್ಚಿಯನ್ ಮನೆಯಲ್ಲಿ ಆ ರಜೆ ಅಂದರೆ ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ ಕೆಲಸ. ಅಮ್ಮ ಹಿಟ್ಟು ಕಲಸಿ ಕೊಡುತ್ತಿದ್ದರು. ನಾವು ಹೊಸ ಬಾಚಣಿಗೆಯ ಮೇಲೆ ಒತ್ತಿ ಕಿಡಿಯೊ ಅನ್ನುವ ಸುರುಳಿ ತಿಂಡಿ ಸುತ್ತುತ್ತಿದ್ದೆವು. ಪಕ್ಕದ ಭಟ್ಟರ ಮನೆಯ ಮಕ್ಕಳೂ ಬಂದು ಕೂರುತ್ತಿದ್ದರು. ನೆವ್ರ್ಯೊ (ನಮ್ಮ ಕರ್ಜಿಕಾಯಿ) ಇಟ್ಟ ತಟ್ಟೆ ಮೊದಲು ಅವರ ಮನೆಗೇ. ಅವರ ಅಜ್ಜಿ ಮುಟ್ಟುತ್ತಿರಲಿಲ್ಲ, ಮಕ್ಕಳು ಬಿಡುತ್ತಿರಲಿಲ್ಲ!

ಅಪ್ಪನಿಗೂ ದೊಡ್ಡಪ್ಪನಿಗೂ ಜಾಗದ ವಿಷಯದಲ್ಲಿ ಜಗಳವಾಗಿ ಮಾತು ನಿಂತಿದ್ದ ವರ್ಷವೂ ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ) ಬೈಹುಲ್ಲು ಬಂದದ್ದು ದೊಡ್ಡಪ್ಪನ ಹಟ್ಟಿಯಿಂದಲೇ. ತಂದವಳು ನಾನು. ಕೇಳಬೇಕಾಗಲೇ ಇಲ್ಲ, ದೊಡ್ಡಮ್ಮ ಕಟ್ಟಿ ಜಗಲಿಯಲ್ಲಿ ಇಟ್ಟಿದ್ದರು. ಮಾತು ಶುರುವಾಗಲು ಮತ್ತೆ ಎಷ್ಟೋ ಕಾಲ ಹಿಡಿಯಿತು, ಅದು ಬೇರೆ ಕಥೆ.

ಇನ್ನು ತಿನ್ನುವ ವಿಷಯ. ಮೇಜಿನ ಮೇಲೆ ಟರ್ಕಿ ಕೋಳಿ, ಹಂದಿಯ ಹ್ಯಾಮ್ ಇರುತ್ತದೆ. ನೀನು ಸಸ್ಯಾಹಾರಿ ಅಂತ ಮೊದಲೇ ಹೇಳು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹುರಿದ ಆಲೂಗಡ್ಡೆ ನೋಡಿ ಮೋಸ ಹೋಗಬೇಡ, ಕೆಲವರು ಬಾತುಕೋಳಿಯ ಕೊಬ್ಬಿನಲ್ಲಿ ಹುರಿಯುತ್ತಾರೆ. ಕ್ರಿಸ್ಮಸ್ ಪುಡಿಂಗಿಗೆ ದನದ ಕೊಬ್ಬು ಹಾಕುವ ಪದ್ಧತಿ ಇದೆ, ಬ್ರಾಂದಿಯೂ ಇರುತ್ತದೆ. ಕೇಳಿ ತಿನ್ನು. ಕಾಗದದ ಕಿರೀಟ ಕೊಟ್ಟರೆ ನಾಚದೆ ಹಾಕಿಕೋ, ಅಜ್ಜ ಅಜ್ಜಿಯರೂ ಹಾಕಿಕೊಳ್ಳುತ್ತಾರೆ.

ಊಟ ಆದ ಮೇಲೆ ಹಿರಿಯರ ಹತ್ತಿರ ಹಳೇ ಕ್ರಿಸ್ಮಸ್ ಬಗ್ಗೆ ಕೇಳು. ನಾನಿರುವುದು ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ಗಡಿ ಹತ್ತಿರ. ಮೊದಲೆಲ್ಲ ಹಬ್ಬದ ಸಾಮಾನಿಗೆ ಆಚೆ ನ್ಯೂರಿಗೆ ಹೋದರೆ ಸೈನಿಕರು ಕಾರಿನ ಡಿಕ್ಕಿ ತೆಗೆಸಿ ನೋಡುತ್ತಿದ್ದರಂತೆ. 1998ರ ಶಾಂತಿ ಒಪ್ಪಂದದ ನಂತರ ಆ ಕಾವಲೆಲ್ಲ ಹೋಯಿತು. ಈಗ ವೇಗದ ಬೋರ್ಡು ಕಿಲೋಮೀಟರಿನಿಂದ ಮೈಲಿಗೆ ಬದಲಾದರೆ ಗಡಿ ದಾಟಿದ ಹಾಗೆ. 2020ರಲ್ಲಿ ಕೊರೊನಾ ಅಂತ ಕರ್ನಾಟಕ ಗಡಿಯ ತಲಪಾಡಿ ರಸ್ತೆ ಮುಚ್ಚಿದ್ದನ್ನು ಕಂಡ ನಮಗೆ ಇದು ಬೇಗ ಅರ್ಥವಾಗುತ್ತದೆ, ಅಲ್ವಾ?

ಬರಿಗೈಯಲ್ಲಿ ಹೋಗಬೇಡ. ಊರಿಂದ ತಂದ ಚಕ್ಕುಲಿ ಉಳಿದಿದ್ದರೆ ಅದೇ ಸಾಕು. ಮನೆಗೆ ಫೋನ್ ಮಾತ್ರ ಬೆಳಗ್ಗೆಯೇ ಮಾಡಿಬಿಡು. ಇಲ್ಲಿ ಊಟ, ಮಾತು ಮುಗಿದು ಸಂಜೆ ಆರಾದರೆ ಪೆರ್ಲದಲ್ಲಿ ರಾತ್ರಿ ಹನ್ನೊಂದೂವರೆ.