ಸುಲ್ತಾನ್ ಖಾನ್ ‘ಅವನು’ ಯಾಕೆ?

ಓದುಗರ ಪತ್ರ

ನಾನು ಬ್ರಹ್ಮಾವರದ ಹತ್ತಿರದ ಶಾಲೆಯೊಂದರಲ್ಲಿ ಟೀಚರ್. ನಮ್ಮಲ್ಲಿ ಚೆಸ್ ಆಡುವ ಎಂಟು ಮಕ್ಕಳಿದ್ದಾರೆ. ಅವರ ಜೊತೆ ಸೇರಿ ಕನ್ನಡ ವಿಕಿಪೀಡಿಯಕ್ಕೆ ಮೀರ್ ಸುಲ್ತಾನ್ ಖಾನ್ ಅವರ ಬಗ್ಗೆ ಒಂದು ಲೇಖನ ಬರೆದಿದ್ದೇನೆ. ಸದ್ಯ ಅದು ಪ್ರಯೋಗಪುಟದಲ್ಲೇ (ಇನ್ನೂ ಪ್ರಕಟಿಸದ ಕರಡು ಪುಟದಲ್ಲೇ) ಇದೆ. ‘ಓದು ಬರಹ ಬಾರದ ಒಬ್ಬ ಸೇವಕ ವಿಶ್ವ ಚಾಂಪಿಯನ್‌ನನ್ನೇ ಸೋಲಿಸಿದ ಕಥೆ ಇದು’ ಎಂದು ಶುರು ಮಾಡಿದ್ದೆವು. ಅಲ್ಲಿನ ಹಿರಿಯ ಸಂಪಾದಕರೊಬ್ಬರು ಆ ಸಾಲು ಬೇಡ ಎಂದು ಚರ್ಚೆ ಪುಟದಲ್ಲಿ ಬರೆದಿದ್ದಾರೆ. ಮಕ್ಕಳಿಗೆ ತುಂಬ ಬೇಸರ. ಆ ಸಾಲು ತೆಗೆದರೆ ಲೇಖನದಲ್ಲಿ ಏನು ಉಳಿಯುತ್ತದೆ? ಹುಟ್ಟಿದ ವರ್ಷವೂ ಒಂದು ಕಡೆ 1903, ಇನ್ನೊಂದು ಕಡೆ 1905 ಎಂದಿದೆ. ಪ್ರಿಂಟ್ ತೆಗೆದು ಕಳಿಸಿದ್ದೇನೆ. ತಿದ್ದಿ ಕೊಡುತ್ತೀರಾ?
ಓದುಗರೊಬ್ಬರು, ಉಡುಪಿ ಜಿಲ್ಲೆ

ಸಂಪಾದಕರ ಉತ್ತರ

ಟೀಚರೇ,

ನಿಮ್ಮ ನಾಲ್ಕು ಹಾಳೆ ಹಂಪನಕಟ್ಟೆಯ ನಮ್ಮ ಆಫೀಸಿಗೆ ಬಂದು ಹತ್ತು ದಿನವಾಯಿತು. ಉತ್ತರ ತಡವಾಯಿತು, ಯಾಕೆಂದರೆ ಮೂರು ಸಲ ಓದಿದೆ. ಮೊದಲ ಸಲ ಸುಮ್ನೆ ಓದುಗನಾಗಿ. ಎರಡನೇ ಸಲ ಪೆನ್ಸಿಲ್ ಹಿಡಿದು. ಮೂರನೇ ಸಲ ಪಕ್ಕದಲ್ಲಿ ಚೆಸ್ ಬೋರ್ಡ್ ಇಟ್ಟುಕೊಂಡು. ಆ ಮೂರನೇ ಓದಿನಲ್ಲಿ ಬೋರ್ಡಿನ ಒಂದು ಕಾಯಿಯನ್ನೂ ಮುಟ್ಟಬೇಕಾಗಿ ಬರಲಿಲ್ಲ. ನಾಲ್ಕು ಹಾಳೆಯಲ್ಲಿ ಬಡತನ ಇದೆ, ಹಡಗು ಇದೆ, ಲಂಡನ್ನಿನ ಚಳಿ ಇದೆ, ಯಜಮಾನರ ಪೇಟವೂ ಇದೆ. ಆಟ ಇಲ್ಲ. ‘ಆ ಸಾಲು ತೆಗೆದರೆ ಏನು ಉಳಿಯುತ್ತದೆ’ ಎಂದು ಕೇಳಿದ್ದೀರಲ್ಲ, ಉಳಿಯಬೇಕಾದದ್ದು ಆಟ. ಅದನ್ನು ನೀವಿನ್ನೂ ಬರೆದೇ ಇಲ್ಲ.

ಮೊದಲು ಪೆನ್ಸಿಲ್ ಹಿಡಿದ ಓದಿನ ಮಾತು ಹೇಳಿಬಿಡುತ್ತೇನೆ. ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾದದ್ದು ಅಲ್ಲಿ. ನಿಮ್ಮ ಲೇಖನದಲ್ಲಿ ಸುಲ್ತಾನ್ ಖಾನ್ ಅವರ ಆಶ್ರಯದಾತ ಸರ್ ಉಮರ್ ಹಯಾತ್ ಖಾನ್ ‘ಬಂದರು’, ‘ಕರೆದುಕೊಂಡು ಹೋದರು’. ಎದುರಾಳಿ ಕಾಪಾಬ್ಲಾಂಕಾ ‘ಆಡಿದರು’, ‘ಸೋತರು’. ಸುಲ್ತಾನ್ ಖಾನ್ ಮಾತ್ರ ‘ಹೋದನು’, ‘ಆಡಿದನು’, ‘ಗೆದ್ದನು’. ಕೊನೆಗೆ ‘ತೀರಿಕೊಂಡನು’. ಒಂದೇ ಸಾಲಿನಲ್ಲಿ ಸೋತವರಿಗೆ ಬಹುವಚನ, ಗೆದ್ದವರಿಗೆ ಏಕವಚನ. ಹಾಳೆಯ ಅಂಚಿನಲ್ಲಿ ಗೀಟು ಹಾಕುತ್ತಾ ಹೋದೆ, ಎಣಿಸಿದರೆ ಮೂವತ್ತೊಂದು ಕಡೆ ಹೀಗೆ ಆಗಿದೆ.

ನಿಮಗೆ ಅವರ ಮೇಲೆ ಗೌರವ ಇಲ್ಲ ಎಂದು ನಾನು ಖಂಡಿತ ಹೇಳುತ್ತಿಲ್ಲ. ನನಗೆ ಬರೆದ ಪತ್ರದಲ್ಲಿ ನೀವೇ ‘ಸುಲ್ತಾನ್ ಖಾನ್ ಅವರ ಬಗ್ಗೆ’ ಎಂದಿದ್ದೀರಿ. ಹಾಗಾದರೆ ಲೇಖನದಲ್ಲಿ ಯಾಕೆ ಹೀಗಾಯಿತು? ಮೊದಲ ಸಾಲಿನ ‘ಸೇವಕ’ ಎಂಬ ಮಾತಿನಿಂದ. ಒಮ್ಮೆ ‘ಸೇವಕ’ ಎಂದು ಬರೆದ ಕೈ ಮುಂದೆ ತಾನಾಗಿ ‘ಅವನು’ ಎಂದೇ ಬರೆಯುತ್ತದೆ. ಇಂಗ್ಲಿಷಿನಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಯಜಮಾನನಿಗೂ ಆಳಿಗೂ ಒಂದೇ ಸರ್ವನಾಮ. ನಮ್ಮಲ್ಲಿ ಹಾಗಲ್ಲ. ಕ್ರಿಯಾಪದದ ಬಾಲದಲ್ಲೇ ಆ ಮನುಷ್ಯನನ್ನು ಎಲ್ಲಿ ಕೂರಿಸಿದ್ದೇವೆ ಎಂದು ಗೊತ್ತಾಗುತ್ತದೆ. ಜಗಲಿಯಲ್ಲೋ, ಅಂಗಳದಲ್ಲೋ. ಕನ್ನಡದಲ್ಲಿ ಜೀವನಚರಿತ್ರೆ ಬರೆಯುವವರಿಗೆ ಇದು ದೊಡ್ಡ ಜವಾಬ್ದಾರಿ. ಮಕ್ಕಳ ಹತ್ತಿರ ಮೊದಲು ಆ ಮೂವತ್ತೊಂದು ಕಡೆ ‘ಅವರು’ ಮಾಡಿಸಿ. ಆಮೇಲೆ ಒಮ್ಮೆ ಗಟ್ಟಿಯಾಗಿ ಓದಿಸಿ. ಲೇಖನವೇ ಬೇರೆ ಆಗಿರುತ್ತದೆ.

ಇನ್ನು ‘ಸೇವಕ’ ಎಂಬುದು ನಿಜವೇ? ಇಲ್ಲಿ ತುಂಬ ಜಾಗ್ರತೆ ಬೇಕು. ಸುಲ್ತಾನ್ ಖಾನ್ ಸರ್ ಉಮರ್ ಅವರ ಆಶ್ರಯದಲ್ಲಿದ್ದದ್ದು, 1929ರಲ್ಲಿ ಅವರ ಜೊತೆಗೇ ಇಂಗ್ಲೆಂಡಿಗೆ ಹೋದದ್ದು, 1933ರ ಕೊನೆಗೆ ಅವರ ಜೊತೆಗೇ ವಾಪಸ್ ಬಂದದ್ದು, ಇವಿಷ್ಟರ ಬಗ್ಗೆ ಜಗಳವಿಲ್ಲ. ‘ಸೇವಕ’, ‘ಓದು ಬಾರದವರು’ ಎಂಬ ಮಾತುಗಳು ಪಶ್ಚಿಮದ ಬರಹಗಳಿಂದ ಬಂದವು. ಅಮೆರಿಕದ ಆಟಗಾರ ರೂಬೆನ್ ಫೈನ್ ಒಂದು ನೆನಪು ಬರೆದಿದ್ದಾರೆ. 1933ರಲ್ಲಿ ಅಮೆರಿಕದ ತಂಡ ಸರ್ ಉಮರ್ ಅವರ ಲಂಡನ್ ಮನೆಗೆ ಊಟಕ್ಕೆ ಹೋದಾಗ ಸುಲ್ತಾನ್ ಖಾನ್ ಅವರೇ ಬಡಿಸಿದರಂತೆ. ಆ ಒಂದು ಊಟದ ಕಥೆ ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತಾ ಬಂದಿದೆ. ಮನೆಯವರು ಹೇಳುವುದು ಬೇರೆ. ತಂದೆ ಊರಿನ ಧಾರ್ಮಿಕ ಗುರು, ಜಮೀನಿದ್ದ ಮನೆತನ, ಸುಲ್ತಾನ್ ಖಾನ್ ಓದು ಬರಹ ಬಲ್ಲವರು ಎಂದು ಅವರ ಮೊಮ್ಮಗಳು ಬರೆದಿದ್ದಾರೆ. ಊಟ ಬಡಿಸಿದ ಮಾತ್ರಕ್ಕೆ ಸೇವಕ ಎನ್ನುವುದಾದರೆ, ನಮ್ಮ ಕಡೆ ಮದುವೆ ಮನೆಯಲ್ಲಿ ಪಂಚೆ ಎತ್ತಿ ಕಟ್ಟಿ ಸಾರು ಬಡಿಸುವ ಮನೆಯ ಯಜಮಾನರನ್ನು ಏನೆನ್ನುವುದು?

ಎರಡೂ ಕಡೆಯ ಮಾತನ್ನು ಬರೆಯಿರಿ. ಯಾರು ಹೇಳಿದ್ದು ಎಂದು ಸೇರಿಸಿ. ತೀರ್ಪು ಕೊಡಬೇಡಿ. ಅದಕ್ಕೊಂದು ಪ್ಯಾರಾ ಸಾಕು, ಅದೂ ಮಧ್ಯದಲ್ಲಿ ಎಲ್ಲೋ. ಮೊದಲ ಸಾಲಿನಲ್ಲಿ ಮಾತ್ರ ಬೇಡ. ಆ ಹಿರಿಯ ಸಂಪಾದಕರು ಹೇಳಿದ್ದು ಸರಿ. ಮಕ್ಕಳಿಗೆ ಹೀಗೆ ಹೇಳಿ ನೋಡಿ: ನಾಳೆ ನಿಮ್ಮಲ್ಲಿ ಒಬ್ಬರು ದೊಡ್ಡ ಆಟಗಾರರಾದರೆ, ನಿಮ್ಮ ಬಗೆಗಿನ ಲೇಖನ ‘ಬಿಸಿಯೂಟ ಉಂಡು ಬೆಳೆದವನು’ ಎಂದು ಶುರುವಾದರೆ ಹೇಗನಿಸುತ್ತದೆ?

ನಿಮ್ಮ ಆ ಮೊದಲ ಸಾಲಿನಲ್ಲೇ ಇನ್ನೊಂದು ತಪ್ಪಿದೆ. ಅವರು ಕಾಪಾಬ್ಲಾಂಕಾರನ್ನು ಸೋಲಿಸಿದ್ದು ನಿಜ. ಆದರೆ ಆಗ ಕಾಪಾಬ್ಲಾಂಕಾ ವಿಶ್ವ ಚಾಂಪಿಯನ್ ಅಲ್ಲ. ಅವರು ಆ ಪಟ್ಟದಲ್ಲಿದ್ದದ್ದು 1921ರಿಂದ 1927ರವರೆಗೆ. 1927ರಲ್ಲಿ ಅಲೆಖಿನ್ ಎದುರು ಸೋತು ಪಟ್ಟ ಬಿಟ್ಟುಕೊಟ್ಟಿದ್ದರು. ಆದ್ದರಿಂದ ‘ಮಾಜಿ ವಿಶ್ವ ಚಾಂಪಿಯನ್’ ಎನ್ನಿ. ಆ ಆಟದ ವರ್ಷ ಒಂದು ಕಡೆ 1930, ಇನ್ನೊಂದು ಕಡೆ 1931 ಎಂದು ನೀವು ಬರೆದಿದ್ದೀರಿ. ಅದು ನಡೆದ ಇಂಗ್ಲೆಂಡಿನ ಹೇಸ್ಟಿಂಗ್ಸ್ ಟೂರ್ನಿ ಕ್ರಿಸ್‌ಮಸ್ ಕಳೆದು ಶುರುವಾಗಿ ಹೊಸ ವರ್ಷದಲ್ಲಿ ಮುಗಿಯುತ್ತದೆ. ಹಾಗಾಗಿ 1930–31 ಎಂದು ಬರೆಯುವುದು ರೂಢಿ. ಸುಲ್ತಾನ್ ಖಾನ್ ಬಿಳಿ ಕಾಯಿ ಆಡಿದರು, 65 ನಡೆಯಲ್ಲಿ ಗೆದ್ದರು. ಆ ಟೂರ್ನಿಯಲ್ಲಿ ಯೂವೆ ಮತ್ತು ಕಾಪಾಬ್ಲಾಂಕಾ ಅವರ ನಂತರ ಮೂರನೇ ಸ್ಥಾನ. ಹಾಲಿ ಚಾಂಪಿಯನ್ ಜೊತೆಗಿನ ಆಟವೇ ಬೇಕು ಎನ್ನುವುದಾದರೆ ಅದೂ ಇದೆ. 1931ರಲ್ಲಿ ಪ್ರಾಗಿನಲ್ಲಿ ನಡೆದ, ದೇಶಗಳ ತಂಡಗಳು ಆಡುವ ಚೆಸ್ ಒಲಿಂಪಿಯಾಡಿನಲ್ಲಿ ಇಂಗ್ಲೆಂಡಿನ ಮೊದಲ ಬೋರ್ಡಿನಲ್ಲಿ ಕುಳಿತು ಅಲೆಖಿನ್ ಜೊತೆ ಡ್ರಾ ಮಾಡಿಕೊಂಡರು. ಅಲ್ಲೇ ರೂಬಿನ್‌ಸ್ಟೈನ್ ಅವರನ್ನೂ ಫ್ಲೋರ್ ಅವರನ್ನೂ ಸೋಲಿಸಿದರು. ನಿಜ ಸಂಗತಿಯೇ ಇಷ್ಟು ದೊಡ್ಡದಿರುವಾಗ ನಾವು ಉಬ್ಬಿಸಬೇಕಾ ಟೀಚರೇ?

ಹುಟ್ಟಿದ ವರ್ಷದ ಬಗ್ಗೆ ನನ್ನದೇ ಒಂದು ಅನುಭವ ಹೇಳುತ್ತೇನೆ. ತುಂಬ ವರ್ಷದ ಹಿಂದೆ ನಮ್ಮ ಪತ್ರಿಕೆಯಲ್ಲಿ ಹಿರಿಯ ಯಕ್ಷಗಾನ ಕಲಾವಿದರೊಬ್ಬರ ಪರಿಚಯ ಬಂತು. ಅವರು ಹುಟ್ಟಿದ್ದು ಎಂದು ಎರಡು ಬೇರೆ ಬೇರೆ ಇಸವಿ ಕೈಯಲ್ಲಿದ್ದವು. ನಾನು ಒಂದನ್ನು ಆರಿಸಿ ಅಚ್ಚು ಹಾಕಿದೆ. ಅವರ ಮಗಳು ಶಾಲೆಯ ಸರ್ಟಿಫಿಕೇಟ್ ಹಿಡಿದುಕೊಂಡು ಬಸ್ಸಿನಲ್ಲಿ ಬಂದರು. ಅದರಲ್ಲಿ ಬೇರೆಯೇ ವರ್ಷ, ತಾರೀಕು ಜೂನ್ 1. ‘ಇದೂ ಸರಿಯಲ್ಲ, ಹೆಡ್‌ಮಾಸ್ಟ್ರು ಅಂದಾಜಿಗೆ ಹಾಕಿದ್ದು. ಆದರೆ ನೀವು ಗೊತ್ತಿದ್ದವರ ಹಾಗೆ ಹಾಕಿದಿರಲ್ಲ, ಅದು ಬೇಸರ’ ಎಂದರು. ಆ ಮಾತು ಇವತ್ತಿಗೂ ಮನಸ್ಸಿನಲ್ಲಿದೆ. ಹಳೆಯ ದಾಖಲಾತಿ ರಿಜಿಸ್ಟರ್ ತೆಗೆದರೆ ಜೂನ್ 1ರಂದು ಹುಟ್ಟಿದ ಅಜ್ಜಂದಿರು ಎಷ್ಟು ಜನ ಸಿಗುತ್ತಾರೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಪಂಜಾಬಿನ ಮಿಠಾ ಟಿವಾನಾದಲ್ಲಿ ನೂರು ವರ್ಷಕ್ಕೂ ಹಿಂದೆ ಹುಟ್ಟಿದ ಮಗುವಿನ ಕಥೆ ಬೇರೆ ಹೇಗಿರುತ್ತದೆ? ‘1903, ಕೆಲವು ಕಡೆ 1905’ ಎಂದು ಬರೆದು ಎರಡಕ್ಕೂ ಉಲ್ಲೇಖ ಕೊಡಿ.

ಈಗ ಆಟಕ್ಕೆ ಬರುತ್ತೇನೆ.

ನನ್ನ ಅಜ್ಜ ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಚದುರಂಗ ಹಾಸುತ್ತಿದ್ದರು. ಬಟ್ಟೆಯ ಮೇಲೆ ಹೊಲಿದ ಮನೆಗಳು. ನಾನು ಶಾಲೆಯಲ್ಲಿ ಚೆಸ್ ಕಲಿತು ಬಂದು ಕಾಲಾಳನ್ನು ಮೊದಲ ಸಲಕ್ಕೇ ಎರಡು ಮನೆ ದೂಡಿದರೆ ಅಜ್ಜ ಅದನ್ನು ಮೆಲ್ಲ ಹಿಂದಕ್ಕೆ ಇಡುತ್ತಿದ್ದರು. ಅವರ ಆಟದಲ್ಲಿ ಕಾಲಾಳಿಗೆ ಯಾವಾಗಲೂ ಒಂದೇ ಮನೆ. ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸುವ ಕ್ಯಾಸ್ಲಿಂಗ್ ಇಲ್ಲ. ಬದಲಿಗೆ ರಾಜ ಆಟದಲ್ಲಿ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಕಾಲಾಳು ಕೊನೆಯ ಸಾಲು ಮುಟ್ಟಿದರೆ ಬೇಕಾದದ್ದು ಆಗುವ ಹಾಗಿಲ್ಲ. ಆನೆಯ ಮನೆಗೆ ಹೋದರೆ ಆನೆ, ಕುದುರೆಯ ಮನೆಗೆ ಹೋದರೆ ಕುದುರೆ.

ಸುಲ್ತಾನ್ ಖಾನ್ ಒಂಬತ್ತನೇ ವಯಸ್ಸಿನಲ್ಲಿ ತಂದೆಯಿಂದ ಕಲಿತದ್ದೂ ಇಂಥದೇ ಆಟ. ಇದರಲ್ಲಿ ಶುರುವಿನಲ್ಲಿ ಕಾಯಿಗಳು ಬೇಗ ಎದುರಾಗುವುದಿಲ್ಲ. ನಿಧಾನವಾಗಿ ಸೈನ್ಯ ಜೋಡಿಸಬೇಕು. ಯುರೋಪಿನಲ್ಲಿ ಪುಸ್ತಕ ಓದಿ ಬಾಯಿಪಾಠ ಮಾಡುವ ಮೊದಲ ಹತ್ತು ಹನ್ನೆರಡು ನಡೆಗಳಿಗೆ ಇಲ್ಲಿ ಅರ್ಥವೇ ಇಲ್ಲ. ಅವರು ಪಶ್ಚಿಮದ ನಿಯಮ ಕಲಿತದ್ದು ಇಪ್ಪತ್ತು ದಾಟಿದ ಮೇಲೆ. 1928ರಲ್ಲಿ ಅಖಿಲ ಭಾರತ ಚಾಂಪಿಯನ್ ಆದರು, ಎಂಟು ಗೆಲುವು, ಒಂದು ಡ್ರಾ. ಮರುವರ್ಷ ಲಂಡನ್ನಿಗೆ ಹೋದಾಗ ಅವರ ಅಭ್ಯಾಸಕ್ಕೆಂದೇ ಒಂದು ಸಣ್ಣ ಟೂರ್ನಿ ಇಟ್ಟರು. ಅದರಲ್ಲಿ ಅವರು ಕೊನೆಯ ಸ್ಥಾನ ಹಂಚಿಕೊಂಡರು! ಅಲ್ಲಿ ಅವರಿಗಿಂತ ಮುಂದಿದ್ದ ಬ್ರಿಟಿಷ್ ಆಟಗಾರರಾದ ವಿಂಟರ್ ಮತ್ತು ಯೇಟ್ಸ್ ಇಬ್ಬರೂ ಆಮೇಲೆ ಅವರ ಜೊತೆ ಕುಳಿತು ತಯಾರಿ ಮಾಡಿಸಿದರು. ಅದೇ ಬೇಸಗೆಯಲ್ಲಿ ರಾಮ್ಸ್‌ಗೇಟಿನಲ್ಲಿ ಸುಲ್ತಾನ್ ಖಾನ್ ಬ್ರಿಟಿಷ್ ಚಾಂಪಿಯನ್ ಆದರು. 1932ರಲ್ಲಿ ಮತ್ತೆ, 1933ರಲ್ಲಿ ಮತ್ತೆ. ನಾಲ್ಕು ಸಲ ಆಡಿ ಮೂರು ಸಲ ಗೆದ್ದರು. ಓಪನಿಂಗಿನಲ್ಲಿ ಹಿಂದೆ ಬಿದ್ದು, ಕಾಯಿಗಳು ಕಮ್ಮಿಯಾದ ಮೇಲೆ ತಾಳ್ಮೆಯಿಂದ ಹಿಡಿದು ಹಿಡಿದು ಗೆಲ್ಲುವ ಆಟ ಅವರದ್ದು. ಅಜ್ಜನ ಜಗಲಿಯ ಆಟದಲ್ಲಿ ಕಲಿಯುವುದೂ ಅದನ್ನೇ.

ನಿಮ್ಮ ಮಕ್ಕಳು ಬರೆಯಬೇಕಾದದ್ದು ಇದನ್ನು. ಎಂಟು ಜನರೂ ಆಡುವವರು ತಾನೆ? ಮೊದಲು ಹಳೆಯ ನಿಯಮದಲ್ಲಿ ಒಂದು ಆಟ ಆಡಿಸಿ. ಆಮೇಲೆ ಆ 65 ನಡೆಗಳನ್ನು ಬೋರ್ಡಿನ ಮೇಲೆ ಆಡಿಸಿ. ಲೇಖನದಲ್ಲಿ ನಿಯಮದ ವ್ಯತ್ಯಾಸಕ್ಕೆ ಒಂದು ಪ್ಯಾರಾ ಕೊಡಿ. ಆಟದ ನಡೆಗಳನ್ನೂ ಹಾಕಿ. ನಡೆಗಳು ಯಾರ ಸ್ವತ್ತೂ ಅಲ್ಲ. ಆದರೆ ಬೇರೆಯವರು ಬರೆದ ವಿವರಣೆಯನ್ನು ನಕಲು ಮಾಡಬೇಡಿ. ನನ್ನ ಅಜ್ಜನ ಕಥೆಯನ್ನೂ ಹಾಕಬೇಡಿ, ಅದು ವಿಶ್ವಕೋಶದ ಸರಕಲ್ಲ. ಅಚ್ಚಾದ ಮೂಲದಲ್ಲಿ ಇರುವುದಷ್ಟೇ ಅಲ್ಲಿಗೆ.

ಸಣ್ಣಪುಟ್ಟ ತಿದ್ದುಪಡಿಗಳನ್ನು ಹಾಳೆಯಲ್ಲೇ ಗುರುತು ಮಾಡಿದ್ದೇನೆ. ಎರಡನೇ ಹಾಳೆಯಲ್ಲಿ ‘ಧರ್ಮಾಧ್ಯಕ್ಷನನ್ನು ಬಲಿಕೊಟ್ಟು’ ಎಂದಿದೆ. ಯಂತ್ರ ಮಾಡಿದ ಅನುವಾದ ಇರಬೇಕು. ಚೆಸ್‌ನಲ್ಲಿ ಬಿಷಪ್ ಎಂದರೆ ‘ಒಂಟೆ’. ಮಂಗಳೂರಿನಲ್ಲಿ ಧರ್ಮಾಧ್ಯಕ್ಷರು ಎಂದರೆ ಯಾರೆಂದು ಮಕ್ಕಳಿಗೂ ಗೊತ್ತಲ್ಲ. ಇಂಗ್ಲಿಷಿನ ‘ಪಾನ್’ಗೆ ‘ಗಿರವಿ’ ಎಂದಿರುವಲ್ಲೆಲ್ಲ ‘ಕಾಲಾಳು’ ಆಗಬೇಕು. ‘ಧ್ರುವತಾರೆ’, ‘ಅಪ್ರತಿಮ ಪ್ರತಿಭೆ’ ಇಂಥವನ್ನು ಹೊಡೆದು ಹಾಕಿದ್ದೇನೆ. ನಾಲ್ಕರಲ್ಲಿ ಮೂರು ಎಂದರೆ ಓದುಗರಿಗೆ ಅರ್ಥವಾಗುತ್ತದೆ.

‘ಏಷ್ಯಾದ ಮೊದಲ ಗ್ರ್ಯಾಂಡ್‌ಮಾಸ್ಟರ್’ ಎಂಬ ಸಾಲನ್ನು ಬಿಡಿಸಿ ಬರೆಯಬೇಕು. ಆಡಿ ಆ ಪಟ್ಟ ಗಳಿಸಿದ ಮೊದಲ ಏಷ್ಯಾದವರು ಫಿಲಿಪ್ಪೀನ್ಸಿನ ಯುಜೆನಿಯೊ ಟೋರೆ, 1974ರಲ್ಲಿ. ಭಾರತಕ್ಕೆ ವಿಶ್ವನಾಥನ್ ಆನಂದ್, 1988ರಲ್ಲಿ. ಸುಲ್ತಾನ್ ಖಾನ್ ಅವರ ಸಂಗತಿ ಬೇರೆ, ಮತ್ತು ನನಗೆ ಅದು ಹೊಟ್ಟೆ ಉರಿಯುವ ಸಂಗತಿ. 1950ರಲ್ಲಿ ವಿಶ್ವ ಚೆಸ್ ಸಂಸ್ಥೆ ಫಿಡೆ ಮೊದಲ ಸಲ 27 ಜನರಿಗೆ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಕೊಟ್ಟಿತು. ಆಟ ಬಿಟ್ಟು ವರ್ಷಗಳೇ ಆಗಿದ್ದ ರೂಬಿನ್‌ಸ್ಟೈನ್ ಅವರಿಗೂ ಕೊಟ್ಟರು. ಕೊಡಬೇಕಾದದ್ದೇ. ಆದರೆ ಅದೇ ರೂಬಿನ್‌ಸ್ಟೈನ್ ಅವರನ್ನು ಪ್ರಾಗಿನಲ್ಲಿ ಸೋಲಿಸಿದವರು ಆಗ ಬದುಕಿದ್ದರು. ಪಾಕಿಸ್ತಾನಕ್ಕೆ ಸೇರಿದ್ದ ಪಂಜಾಬಿನಲ್ಲಿ ಹೊಲ ನೋಡಿಕೊಂಡಿದ್ದರು. ಅವರ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. 1966ರಲ್ಲಿ ಸರ್ಗೋಧಾದಲ್ಲಿ ತೀರಿಕೊಂಡರು. ಗೌರವ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಬಂದದ್ದು 2024ರಲ್ಲಿ, ಸತ್ತು 58 ವರ್ಷದ ಮೇಲೆ. ಈ ವರ್ಷಗಳನ್ನು ಸುಮ್ನೆ ಒಂದರ ಕೆಳಗೆ ಒಂದು ಬರೆಯಿರಿ. ಹೊಟ್ಟೆ ಉರಿಯುವುದನ್ನು ಓದುಗರಿಗೆ ಬಿಡಿ.

ಕೊನೆಗೆ ಒಂದು ಕೋರಿಕೆ. ನಿಮ್ಮ ಮೂರನೇ ಹಾಳೆಯಲ್ಲಿ ‘ಅದೇ ಮನೆಯ ಫಾತಿಮಾ ಎಂಬ ಹೆಂಗಸೂ ಚೆಸ್ ಆಡುತ್ತಿದ್ದಳು’ ಎಂದು ಅರ್ಧ ಸಾಲು ಇದೆ. ಅವರು ಮಿಸ್ ಫಾತಿಮಾ. 1933ರಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದವರು. ಹತ್ತು ಗೆಲುವು, ಒಂದು ಡ್ರಾ. ಒಂದೂ ಸೋಲಿಲ್ಲ. ಸರ್ ಉಮರ್ ಅವರ ಒಂದೇ ಮನೆಯಿಂದ ಹೋದ ಇಬ್ಬರು ಒಂದೇ ವರ್ಷ ಎರಡು ಪಟ್ಟ ಗೆದ್ದಿದ್ದಾರೆ. ನಿಮ್ಮ ಎಂಟು ಮಕ್ಕಳಲ್ಲಿ ಹೆಣ್ಣುಮಕ್ಕಳು ಎಷ್ಟು ಜನ ಅಂತ ನೀವು ಬರೆದಿಲ್ಲ. ಇದ್ದರೆ ಈ ಪುಟವನ್ನು ಅವರ ಕೈಗೆ ಕೊಡಿ. ‘ಆಡುತ್ತಿದ್ದಳು’ ಎಂಬುದನ್ನು ಮೊದಲು ‘ಆಡುತ್ತಿದ್ದರು’ ಮಾಡಲಿ.

ನಿಮ್ಮ ಹಾಳೆಗಳನ್ನು ಅಂಚೆಯಲ್ಲಿ ವಾಪಸ್ ಕಳಿಸಿದ್ದೇನೆ. ಗುರುತುಗಳೆಲ್ಲ ಪೆನ್ಸಿಲಿನಲ್ಲಿವೆ. ಮಕ್ಕಳು ಒಪ್ಪದ ಕಡೆ ಅಳಿಸಲಿ, ಯಾಕೆ ಅಳಿಸಿದರು ಎಂದು ಒಂದು ಕಾರ್ಡ್ ಬರೆಯಲಿ.