ಸ್ವಂತ ಮನೆ ಕಟ್ಟಿಸುವಾಗ ಕರೆಂಟು ಮತ್ತು ಸೋಲಾರ್: ಯಾವುದನ್ನು ಮೊದಲು ಯೋಚಿಸಬೇಕು?

ನೀವು ಕೇಳಿದ್ದು ಇಷ್ಟು: ತಿಪಟೂರಿನ ಹತ್ತಿರ ತೆಂಗಿನ ತೋಟದ ಅಂಚಿನಲ್ಲಿ ನೀವೇ ನಿಂತು ಮನೆ ಕಟ್ಟಿಸುತ್ತಿದ್ದೀರಿ. ಗೋಡೆ ಲಿಂಟಲ್ ಮಟ್ಟಕ್ಕೆ ಬಂದಿದೆ. ಮನೆಯಲ್ಲಿ ಆರು ಜನ. ಕರೆಂಟು ಆಗಾಗ ಹೋಗುತ್ತದೆ. ಸೋಲಾರ್‌ನವರು 5 ಕಿಲೋವ್ಯಾಟ್ ಹಾಕಿಸಿ, ಈಗಲೇ ಅಡ್ವಾನ್ಸ್ ಕೊಡಿ ಅಂತಿದ್ದಾರೆ. ಕೊಡಬೇಕಾ?

ಈಗ ಕೊಡಬೇಡಿ. ಪ್ಯಾನೆಲ್ ಮನೆ ಮುಗಿದ ಮೇಲೂ ಬರಬಹುದು. ಆದರೆ ಗೋಡೆಯೊಳಗಿನ ಪೈಪು, ಬೇರೆ ಬೇರೆ ಲೈನು, ಅರ್ಥಿಂಗ್ ಗುಂಡಿ, ತಾರಸಿಯ ಮೇಲೆ ಟ್ಯಾಂಕ್ ಕೂರುವ ಜಾಗ ಇವೆಲ್ಲ ಪ್ಲಾಸ್ಟರ್ ಆಗುವ ಮುಂಚೆ ತೀರ್ಮಾನ ಆಗಬೇಕು. ನಾನು ಅರಸೀಕೆರೆ ಕಡೆಯವನು. ನಮ್ಮ ಮನೆಯನ್ನೂ ನಾವೇ ನಿಂತು ಕಟ್ಟಿಸಿದ್ದು. ಆಮೇಲೆ ಊರಿನಲ್ಲಿ ಯಾರು ಕಟ್ಟಿಸಿದರೂ ವೈರಿಂಗ್ ಹೊತ್ತಿಗೆ ಹೋಗಿ ನೋಡುವುದು ಅಭ್ಯಾಸವಾಗಿದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ನಿಮ್ಮ ಲೈನ್‌ಮನ್ ಅವರನ್ನು ಒಂದು ಮಾತು ಕೇಳಿ: "ನಮ್ಮ ಮನೆಗೆ ಬರುವುದು ಯಾವ ಫೀಡರ್ ಕರೆಂಟು?" ಫೀಡರ್ ಅಂದರೆ ಸಬ್‌ಸ್ಟೇಷನ್ನಿನಿಂದ ನಿಮ್ಮ ಕಡೆಗೆ ಬರುವ ಮುಖ್ಯ ಲೈನು. ಹಳ್ಳಿಗಳಲ್ಲಿ ನಿರಂತರ ಜ್ಯೋತಿ ಯೋಜನೆ ಬಂದ ಮೇಲೆ ಊರಿನ ಮನೆಗಳ ಲೈನು ಬೇರೆ, ಪಂಪ್‌ಸೆಟ್ಟಿನ ಲೈನು ಬೇರೆ ಆಗಿದೆ. ಊರೊಳಗಿನ ಮನೆಗೆ ಹಗಲು ರಾತ್ರಿ ಸಪ್ಲೈ ಇರುತ್ತದೆ. ತೋಟದ ಮನೆ ಹಾಗಲ್ಲ. ಎಷ್ಟೋ ಕಡೆ ಅದು ಪಂಪ್‌ಸೆಟ್ ಫೀಡರ್ ಮೇಲೆಯೇ ಇರುತ್ತದೆ. ಅಲ್ಲಿ ತ್ರೀ ಫೇಸ್ ಕೊಡುವುದು ದಿನಕ್ಕೆ ಇಂತಿಷ್ಟೇ ಗಂಟೆ ಅಂತ. ಉಳಿದ ಹೊತ್ತು ಸಿಂಗಲ್ ಫೇಸ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ನಿಮ್ಮದು ತೋಟದ ಅಂಚು ಅಂತೀರಲ್ಲ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ. ಊರಿನ ಫೀಡರ್‌ನ ಕಂಬ ಹತ್ತಿರ ಇದ್ದರೆ, ಒಂದೆರಡು ಕಂಬ ಹೆಚ್ಚಿಗೆ ಹಾಕಿಸುವ ಖರ್ಚು ಬಂದರೂ ಅಲ್ಲಿಂದಲೇ ಸಂಪರ್ಕ ಕೇಳಿ. ಆ ದುಡ್ಡು ದಂಡ ಅಲ್ಲ. ಇನ್ನೊಂದು ಮಾತು: ತೋಟದ ಬೋರಿನ ಉಚಿತ ಕರೆಂಟಿನಿಂದ ಮನೆಗೆ ವೈರ್ ಎಳೆಯುವ ಯೋಚನೆ ಬೇಡ. ಅದು ಕಾನೂನಿಗೆ ವಿರುದ್ಧ.

ಫೀಡರ್ ವಿಷಯ ಇಷ್ಟು ಮುಖ್ಯ ಯಾಕೆ ಗೊತ್ತಾ? ಸಬ್ಸಿಡಿಯಲ್ಲಿ ಹೆಚ್ಚಿನವರು ಹಾಕಿಸುವುದು ಲೈನಿನ ಕರೆಂಟಿಗೆ ಜೋಡಿಸಿದ, ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್. ಲೈನಿನಲ್ಲಿ ಕರೆಂಟು ಹೋದ ಕೂಡಲೇ ಅದೂ ನಿಲ್ಲುತ್ತದೆ. ಕೆಟ್ಟು ನಿಲ್ಲುವುದಲ್ಲ, ಅದನ್ನು ಮಾಡಿರುವುದೇ ಹಾಗೆ. ಲೈನ್ ಆಫ್ ಮಾಡಿ ಲೈನ್‌ಮನ್ ಕಂಬ ಹತ್ತಿರುವಾಗ ನಿಮ್ಮ ತಾರಸಿಯಿಂದ ವಾಪಸ್ ಕರೆಂಟು ಹರಿದರೆ ಆತನ ಜೀವ ಹೋಗುತ್ತದೆ. ಅದಕ್ಕೆ ಪ್ಯಾನೆಲ್ಲಿನ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ ಇನ್ವರ್ಟರ್ ತಾನಾಗಿಯೇ ಬಂದ್ ಆಗುತ್ತದೆ. ಮಟಮಟ ಮಧ್ಯಾಹ್ನ, ಮೇಲೆ ಆರು ಪ್ಯಾನೆಲ್ ಬಿಸಿಲು ಕಾಯುತ್ತಿವೆ, ಕೆಳಗೆ ಫ್ಯಾನ್ ನಿಂತಿದೆ. ಇದನ್ನು ನೋಡಿ "ನಮಗೆ ಮೋಸ ಆಯ್ತು" ಎಂದವರನ್ನು ನಾನು ಕಂಡಿದ್ದೇನೆ. ಮಾರುವವರು ಮೊದಲೇ ಬಿಡಿಸಿ ಹೇಳಬೇಕಿತ್ತು, ಹೇಳಿರಲಿಲ್ಲ. ನಿಮ್ಮ ತೊಂದರೆ ಇರುವುದೇ ಕರೆಂಟು ಹೋಗುವುದು. ಅದಕ್ಕೆ ಬರೀ ಆನ್‌ಗ್ರಿಡ್ ಮದ್ದಲ್ಲ. ಅದು ಬಿಲ್ ಇಳಿಸುತ್ತದೆ, ಅಷ್ಟೇ. ಪಂಪುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ವೋಲ್ಟೇಜ್ ತೀರಾ ಕುಸಿದರೂ ಅದು ಟ್ರಿಪ್ ಆಗುತ್ತದೆ. ಬೇರೆ ಬೇರೆ ಹೊತ್ತಿನಲ್ಲಿ ನಿಮ್ಮ ಕಂಬದ ವೋಲ್ಟೇಜ್ ಎಷ್ಟಿದೆ ಎಂದು ಒಂದು ವಾರ ಬರೆದಿಟ್ಟುಕೊಳ್ಳಿ.

ಇನ್ನು ಎಷ್ಟು ಕಿಲೋವ್ಯಾಟ್ ಬೇಕು ಎಂಬುದು. ಪ್ಯಾನೆಲ್‌ನಿಂದ ಲೆಕ್ಕ ಶುರು ಮಾಡಬೇಡಿ, ಮನೆಯಿಂದ ಶುರು ಮಾಡಿ. ಹಳೇ ಫ್ಯಾನ್ ಒಂದಕ್ಕೆ ಸುಮಾರು 75 ವ್ಯಾಟ್, ಕಡಿಮೆ ಕರೆಂಟು ತಿನ್ನುವ ಹೊಸ ನಮೂನೆಯ ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು. ಹೊಸ ಮನೆಗೆ ಫ್ಯಾನು ಹೇಗೂ ಕೊಳ್ಳುತ್ತೀರಲ್ಲ, ಬಿಎಲ್‌ಡಿಸಿಯನ್ನೇ ತನ್ನಿ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ 1 ಎಚ್‌ಪಿ ಮೋಟರು ಒಂದು ಗಂಟೆ ಓಡಿದರೆ ಹತ್ತಿರ ಹತ್ತಿರ ಒಂದು ಯೂನಿಟ್. ಫ್ರಿಜ್, ಟಿವಿ, ಮಿಕ್ಸಿ, ವಾಷಿಂಗ್ ಮೆಷಿನ್, ಎಲ್ಲಾ ಸೇರಿ ನಿಮ್ಮಂಥ ಮನೆಗೆ ದಿನಕ್ಕೆ 5ರಿಂದ 6 ಯೂನಿಟ್ ಸಾಕು. ನಮ್ಮ ಕಡೆ 1 ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಕೊಡುತ್ತದೆ. ಬೇಸಿಗೆಯಲ್ಲಿ ಜಾಸ್ತಿ, ಆಷಾಢದ ಮೋಡದಲ್ಲಿ ತುಂಬಾ ಕಡಿಮೆ. ಅಂದರೆ 2 ಕಿಲೋವ್ಯಾಟ್ ನಿಮಗೆ ಸಾಕಾಗುತ್ತದೆ. ಇಂಡಕ್ಷನ್ ಒಲೆ, ಎಲೆಕ್ಟ್ರಿಕ್ ಸ್ಕೂಟರ್ ಮನಸ್ಸಿನಲ್ಲಿದ್ದರೆ 3 ಹಾಕಿಸಿ. 5 ಯಾಕೆ ಬೇಕು ಎಂದು ಅವರನ್ನೇ ಕೇಳಿ.

ಕೇಂದ್ರ ಸರ್ಕಾರ 2024ರಲ್ಲಿ ತಂದ ಪಿಎಂ ಸೂರ್ಯ ಘರ್ ಯೋಜನೆಯ ಸಬ್ಸಿಡಿಯೂ ಇದನ್ನೇ ಹೇಳುತ್ತದೆ. ಮೊದಲ ಎರಡು ಕಿಲೋವ್ಯಾಟಿಗೆ ತಲಾ ₹30,000, ಮೂರನೆಯದಕ್ಕೆ ₹18,000. ಅಲ್ಲಿಗೆ ₹78,000. ಅದರ ಮೇಲೆ 5 ಹಾಕಿಸಿದರೂ 10 ಹಾಕಿಸಿದರೂ ಅಷ್ಟೇ. ಮಿಕ್ಕಿ ಲೈನಿಗೆ ಹೋದ ಯೂನಿಟ್ಟಿಗೆ ಸಿಗುವ ಬೆಲೆಯೂ ನೀವು ಕೊಳ್ಳುವ ಬೆಲೆಗಿಂತ ಕಡಿಮೆ. ಸುಮ್ನೆ ದೊಡ್ಡದು ಹಾಕಿಸಿ ಲಾಭವಿಲ್ಲ. ಸಬ್ಸಿಡಿ ಬೇಕೆಂದರೆ ನಮ್ಮ ದೇಶದಲ್ಲೇ ತಯಾರಾದ ಸೆಲ್ ಇರುವ ಡಿಸಿಆರ್ ಪ್ಯಾನೆಲ್ಲೇ ಆಗಬೇಕು. ಕೊಟೇಷನ್ನಿನಲ್ಲಿ ಆ ಮಾತು ಬರೆದಿದೆಯಾ ನೋಡಿ. ಮತ್ತೆ, ಅರ್ಜಿ ಹಾಕಲು ಮನೆಗೆ ನಿಮ್ಮ ಹೆಸರಿನಲ್ಲಿ ಖಾಯಂ ಸಂಪರ್ಕ, ಆರ್‌ಆರ್ ನಂಬರ್ ಇರಬೇಕು. ಕಟ್ಟಡಕ್ಕೆಂದು ತೆಗೆದುಕೊಂಡ ತಾತ್ಕಾಲಿಕ ಮೀಟರ್ ಮೇಲೆ ಆಗುವುದಿಲ್ಲ. ಈಗ ಅಡ್ವಾನ್ಸ್ ಬೇಡ ಎಂದೆನಲ್ಲ, ಅದಕ್ಕೆ ಇದೂ ಒಂದು ಕಾರಣ.

ಗೃಹಜ್ಯೋತಿಯಲ್ಲಿ ನಿಮ್ಮ ಬಿಲ್ ಸೊನ್ನೆ ಬರುವಂತಿದ್ದರೆ ಸೋಲಾರ್‌ನಿಂದ ಉಳಿಯುವ ದುಡ್ಡು ಬಹಳ ಇರುವುದಿಲ್ಲ. ಹಾಗಿದ್ದರೆ ಮೊದಲ ವರ್ಷ ಬರೀ ಬ್ಯಾಟರಿಯ ಮೇಲೆ ಖರ್ಚು ಮಾಡಿ, ಪ್ಯಾನೆಲ್ ಆಮೇಲೆ ನೋಡೋಣ ಎನ್ನುವುದೇ ಜಾಣತನ ಎಂದು ನನಗನಿಸುತ್ತದೆ.

ಮಂಜೂರಾತಿ ಲೋಡ್, ಅಂದರೆ ಮನೆಗೆ ಇಷ್ಟು ಕಿಲೋವ್ಯಾಟ್ ಬೇಕೆಂದು ಸಂಪರ್ಕದಲ್ಲಿ ಬರೆಸುವುದು, ಅದನ್ನು ಕೇಳುವಾಗಲೂ ಅಷ್ಟೇ, ಕೈ ಬಿಗಿ ಇರಲಿ. 2025ರ ಏಪ್ರಿಲ್‌ನಿಂದ ಮನೆಗಳಿಗೆ ಪ್ರತಿ ಕಿಲೋವ್ಯಾಟಿಗೆ ತಿಂಗಳಿಗೆ ₹145 ನಿಗದಿತ ಶುಲ್ಕ ಜಾರಿಗೆ ಬಂತು. ಬಳಸಿದರೂ ಬಳಸದಿದ್ದರೂ ಕಟ್ಟಬೇಕು. ಕಂಟ್ರ್ಯಾಕ್ಟರ್ "ಇರಲಿ ಬಿಡಿ" ಎಂದು 7 ಕಿಲೋವ್ಯಾಟ್ ಬರೆದುಬಿಟ್ಟರೆ ಆ ದರದಲ್ಲೇ ಪ್ರತಿ ತಿಂಗಳೂ ಸಾವಿರ ರೂಪಾಯಿ ಹೋಯಿತು. ಪಂಚಾಯ್ತಿ ವ್ಯಾಪ್ತಿಯಾದರೆ ಇ-ಸ್ವತ್ತು ದಾಖಲೆ ಸರಿಮಾಡಿಟ್ಟುಕೊಳ್ಳಿ. ಪಟ್ಟಣದಲ್ಲಿ ಕಟ್ಟಿಸುವವರು ಇದನ್ನು ಓದುತ್ತಿದ್ದರೆ ಇನ್ನೊಂದು ಗಮನಿಸಿ. ಸುಪ್ರೀಂ ಕೋರ್ಟಿನ 2024ರ ಡಿಸೆಂಬರ್ ತೀರ್ಪಿನ ನಂತರ ಸ್ವಾಧೀನಾನುಭವ ಪತ್ರ (ಒಸಿ) ಇಲ್ಲದೆ ಖಾಯಂ ಸಂಪರ್ಕ ಕೊಡುವುದು ನಿಂತಿತ್ತು. ಮುಂದೆ 1,200 ಚದರ ಅಡಿವರೆಗಿನ ನಿವೇಶನದ ಮನೆಗಳಿಗೆ ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟಿತು. ನಕ್ಷೆ ಬಿಟ್ಟು ಕಟ್ಟಿದರೆ ಕರೆಂಟಿಗೇ ತಡೆ ಬರಬಹುದು.

ಈಗ ನಿಮ್ಮ ಗೋಡೆಯ ಹತ್ತಿರ ಬರೋಣ. ವೈರಿಂಗ್ ಮಾಡುವವರ ಜೊತೆ ಒಂದು ಬೆಳಗ್ಗೆ ಕೂತು ಲೈನುಗಳನ್ನು ಎರಡು ಗುಂಪು ಮಾಡಿ. ಕರೆಂಟು ಹೋದಾಗಲೂ ಓಡಲೇಬೇಕಾದ್ದು ಒಂದು: ಲೈಟು, ಫ್ಯಾನು, ಫ್ರಿಜ್, ವೈಫೈ, ಅಡುಗೆಮನೆಯಲ್ಲಿ ಒಂದು ಪಾಯಿಂಟ್. ಕಾಯಬಲ್ಲದ್ದು ಇನ್ನೊಂದು: ಗೀಸರ್, ಮೋಟರು, ಇಸ್ತ್ರಿ ಪೆಟ್ಟಿಗೆ, ವಾಷಿಂಗ್ ಮೆಷಿನ್. ಎರಡಕ್ಕೂ ಬೇರೆ ಬೇರೆ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಇದ್ದರೆ ಸಾಲದು, ನ್ಯೂಟ್ರಲ್ (ಕಪ್ಪು ವೈರು) ಕೂಡ ಬೇರೆಯೇ ಬರಬೇಕು. ಇಲ್ಲಿ ಪಕ್ಕದಲ್ಲಿ ನಿಂತೇ ನೋಡಿ. ಕೆಲಸ ಬೇಗ ಮುಗಿಯಲಿ ಎಂದು ಹತ್ತಿರದ ಬಾಕ್ಸಿನಲ್ಲಿ ಸಿಕ್ಕ ಕಪ್ಪು ವೈರಿಗೆ ಇನ್ನೊಂದು ಕಪ್ಪು ವೈರನ್ನು ಸುತ್ತಿ ಟೇಪ್ ಹಾಕಿಬಿಡುತ್ತಾರೆ. ಆಗ ಏನೂ ಗೊತ್ತಾಗುವುದಿಲ್ಲ. ಆರ್‌ಸಿಸಿಬಿ ಹಾಕಿದ ದಿನ ಅದು ಪದೇ ಪದೇ ಬೀಳಲು ಶುರುವಾಗುತ್ತದೆ. ಎಲ್ಲಿ ಸೇರಿಸಿದ್ದಾರೆ ಎಂದು ಹುಡುಕಲು ಬಾಕ್ಸುಗಳನ್ನೆಲ್ಲ ಬಿಚ್ಚಬೇಕು. ಆಗ ಬೇಸತ್ತು ಆರ್‌ಸಿಸಿಬಿಯನ್ನೇ ತೆಗೆಸಿಬಿಡುತ್ತಾರೆ. ಮನೆಯಲ್ಲಿ ಯಾರಿಗಾದರೂ ಶಾಕ್ ಹೊಡೆದಾಗ ಕ್ಷಣದಲ್ಲಿ ಕರೆಂಟು ಕಡಿದು ಉಳಿಸುವುದೇ ಆ 30 ಮಿಲಿಆಂಪ್‌ನ ಪೆಟ್ಟಿಗೆ. ಮಕ್ಕಳಿರುವ ಮನೆ, ಇದರಲ್ಲಿ ರಾಜಿ ಬೇಡ.

ವೈರಿನ ದಪ್ಪ ಲೈಟಿನ ಲೈನಿಗೆ 1.5 ಚದರ ಮಿ.ಮೀ., ಅಡುಗೆಮನೆಯ ದೊಡ್ಡ ಪ್ಲಗ್ಗಿಗೆ 2.5, ಗೀಸರಿಗೆ 4 ಇರಲಿ. ಗೀಸರ್ ಲೈನು ಎಳೆಸಿಡಿ, ಆದರೆ ತೋಟದ ಗರಿ, ಮಟ್ಟೆ, ಕರಟ ಇರುವ ಮನೆಗೆ ಹಂಡೆ ಒಲೆಯೇ ಚೆನ್ನ. ಸ್ನಾನದ ನೀರನ್ನು ಕರೆಂಟಿನಿಂದ ಬಿಡಿಸಿದರೆ ಸೋಲಾರ್ ಅರ್ಧ ಚಿಕ್ಕದಾಗುತ್ತದೆ.

ಸೋಲಾರಿಗೆ ಈಗ ಮಾಡಬೇಕಾದ್ದು: ಮೀಟರ್ ಬೋರ್ಡಿನ ಹತ್ತಿರ, ಬಿಸಿಲು ಮಳೆ ಬೀಳದ, ಗಾಳಿ ಆಡುವ ಗೋಡೆಯಲ್ಲಿ ಇನ್ವರ್ಟರಿಗೆ ಮೂರು ನಾಲ್ಕು ಅಡಿ ಜಾಗ ಬಿಡಿಸಿ. ಮಲಗುವ ಕೋಣೆ ಬೇಡ. ಅಲ್ಲಿಂದ ತಾರಸಿಗೆ ಎರಡು ಪಿವಿಸಿ ಪೈಪು ಗೋಡೆಯೊಳಗೇ ಎಳೆಸಿ, ಒಂದೂವರೆ ಇಂಚಿನದು. ಪ್ಯಾನೆಲ್ಲಿನ ಡಿಸಿ ವೈರು ಒಂದರಲ್ಲಿ ಬರಲಿ, ಇನ್ನೊಂದು ಮುಂದಕ್ಕೆ ಇರಲಿ. ಈ ಡಿಸಿ ವೈರು, ಮನೆಯ ಎಸಿ ಕರೆಂಟಿನ ವೈರು ಎರಡನ್ನೂ ಒಂದೇ ಪೈಪಿನಲ್ಲಿ ತುರುಕಬಾರದು. ಎರಡರ ಒಳಗೂ ಒಂದೊಂದು ತಂತಿ ಬಿಟ್ಟು ಬಾಯಿಗೆ ಕ್ಯಾಪ್ ಹಾಕಿ. ತಾರಸಿಯಲ್ಲಿ ಪೈಪನ್ನು ಪ್ಯಾರಾಪೆಟ್ ಗೋಡೆಯೊಳಗಿಂದ ತೆಗೆದು, ಬಾಯಿ ಕೆಳಮುಖ ಆಗುವಂತೆ ಬೆಂಡ್ ಕೂರಿಸಿ. ಮೋಲ್ಡ್ ಆದ ಮೇಲೆ ಸ್ಲ್ಯಾಬ್ ತೂತು ಮಾಡಿದರೆ ಮಳೆಗಾಲದಲ್ಲಿ ಆ ಜಾಗದಲ್ಲೇ ಸೋರುತ್ತದೆ. ಪ್ಯಾನೆಲ್ ಸ್ಟ್ಯಾಂಡಿನ ಕಾಲು ಬರುವ ಕಡೆ ಸಣ್ಣ ಕಾಂಕ್ರೀಟ್ ಕಟ್ಟೆ ಹಾಕಿಸಲು ಮೇಸ್ತ್ರಿಗೆ ಮೊದಲೇ ಹೇಳಿ. ರಾಗಿ, ಮೆಣಸಿನಕಾಯಿ ಒಣಗಿಸಲು ತಾರಸಿ ಬೇಕೆಂದರೆ ಸ್ಟ್ಯಾಂಡನ್ನು ಆಳೆತ್ತರಕ್ಕೆ ಎತ್ತಿಸಬಹುದು. ಆಗ ಗಾಳಿ ಹೊಡೆತ ಜಾಸ್ತಿ, ಕಬ್ಬಿಣವೂ ಗಟ್ಟಿ ಇರಬೇಕು. ಅರ್ಥಿಂಗ್ ಗುಂಡಿ ಮೂರು ಇರಲಿ: ಮನೆಗೆ ಒಂದು, ಪ್ಯಾನೆಲ್ ಕಡೆಗೆ ಒಂದು, ಸಿಡಿಲು ತಡೆಗೆ ಒಂದು.

ನಿಮ್ಮ ಜಾಗದಲ್ಲಿ ನನಗೆ ನಿಜವಾಗಿ ಚಿಂತೆ ಇರುವುದು ತೆಂಗಿನ ಮರದ ನೆರಳು. ಒಂದರ ಬೆನ್ನಿಗೆ ಒಂದು ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದಕ್ಕೆ ನೆರಳು ಬಿದ್ದರೂ ಸಾಲಿಗೆಲ್ಲ ಪೆಟ್ಟು. ಡ್ರಿಪ್ ಪೈಪನ್ನು ಒಂದು ಕಡೆ ತುಳಿದರೆ ಮುಂದಕ್ಕೆ ನೀರು ಹೋಗುತ್ತದಾ? ಹಾಗೆ. ಈಗಿನ ಪ್ಯಾನೆಲ್ಲುಗಳಲ್ಲಿ ಈ ನಷ್ಟ ಸ್ವಲ್ಪ ಕಡಿಮೆ, ಆದರೂ ಇದ್ದೇ ಇದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಡಿಸೆಂಬರಿನ ಬೆಳಗ್ಗೆ ಒಂಬತ್ತೂವರೆಗೆ, ನಿಮ್ಮ ತಾರಸಿಗಿಂತ 30 ಅಡಿ ಎತ್ತರದ ಮರ ಸುಮಾರು 45 ಅಡಿ ದೂರದವರೆಗೆ ನೆರಳು ಚಾಚುತ್ತದೆ. ಅದಕ್ಕೆ ಮೋಲ್ಡ್ ಆದ ಮೇಲೆ ಒಂದು ದಿನ ಸುಣ್ಣದ ಕಡ್ಡಿ ಹಿಡಿದು ಮೇಲೆ ಹೋಗಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ ನಾಲ್ಕಕ್ಕೆ ನೆರಳಿನ ಅಂಚಿಗೆ ಗೆರೆ ಎಳೆಯಿರಿ. ಡಿಸೆಂಬರಿನಲ್ಲೇ ಆದರೆ ಒಳ್ಳೆಯದು. ಯಾವ ಗೆರೆಗೂ ಸಿಗದೆ ಉಳಿದ ಜಾಗವೇ ಪ್ಯಾನೆಲ್ಲಿನ ಜಾಗ. 3 ಕಿಲೋವ್ಯಾಟಿಗೆ ಓಡಾಡುವ ದಾರಿ ಸೇರಿ 300 ಚದರ ಅಡಿ ಬೇಕು. ನೀರಿನ ಟ್ಯಾಂಕ್, ಮೆಟ್ಟಿಲ ಕೋಣೆ ಆ ಜಾಗದ ಉತ್ತರಕ್ಕೆ ಬರಲಿ, ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಲಿ. ವಾಸ್ತು ನೋಡಿ ಟ್ಯಾಂಕನ್ನು ನೈಋತ್ಯಕ್ಕೆ ಇಡಿಸುವವರು ಬಹಳ. ಇಡಲೇಬೇಕೆಂದು ಹಿರಿಯರ ಮನಸ್ಸಿದ್ದರೆ ಇಡಿ, ಆದರೆ ಎತ್ತರ ಕಡಿಮೆ ಮಾಡಿಸಿ, ಪ್ಯಾನೆಲ್ಲನ್ನು ಪೂರ್ವದ ಕಡೆ ಸರಿಸಿ. ಒಂದು ನಲ್ಲಿಯೂ ಮೇಲಿರಲಿ, ತೊಳೆಯಲು ಬೇಕು.

ಕೊನೆಗೆ ಬ್ಯಾಟರಿ. ಎಂಸಿಬಿ ಗುಂಪು ಮಾಡಿದಿರಲ್ಲ, ಆ ಮೊದಲ ಗುಂಪಿಗೆ ಒಟ್ಟು 300 ವ್ಯಾಟ್ ಹಿಡಿಯಿರಿ. ನಾಲ್ಕು ಗಂಟೆಗೆ 1.2 ಯೂನಿಟ್. ಅಂಗಡಿಯಲ್ಲಿ ಸಿಗುವ 150 ಎಎಚ್ ಟ್ಯೂಬುಲರ್ ಬ್ಯಾಟರಿ ಲೆಕ್ಕದಲ್ಲಿ 1.8 ಯೂನಿಟ್, ಆದರೆ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಅಂದರೆ ಮೂರು ಗಂಟೆ. ನಿಮ್ಮದು ಊರಿನ ಫೀಡರ್, ಕರೆಂಟು ಹೋಗುವುದು ಗಂಟೆ ಎರಡು ಗಂಟೆ ಎಂದಾದರೆ ಈ ಬ್ಯಾಟರಿಯ ಜೊತೆ ಬರುವ ಸಾಮಾನ್ಯ ಇನ್ವರ್ಟರ್ ಇಟ್ಟು, ಮೇಲೆ 2 ಅಥವಾ 3 ಕಿಲೋವ್ಯಾಟ್ ಆನ್‌ಗ್ರಿಡ್ ಹಾಕಿಸಿ. ಕಡಿಮೆ ಖರ್ಚು, ರಿಪೇರಿಯೂ ಸುಲಭ. ಪಂಪ್‌ಸೆಟ್ ಫೀಡರ್ ತಪ್ಪದು ಎಂದಾದರೆ ಆನ್‌ಗ್ರಿಡ್ ಬಿಡಿ, ಪ್ಯಾನೆಲ್, ಬ್ಯಾಟರಿ, ಲೈನು ಮೂರನ್ನೂ ನೋಡಿಕೊಳ್ಳುವ ಹೈಬ್ರಿಡ್ ಇನ್ವರ್ಟರಿಗೆ ಹೋಗಿ. ಜೊತೆಗೆ 5 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ ಇದ್ದರೆ ರಾತ್ರಿಯಿಡೀ ಸಾಗುತ್ತದೆ. ಬ್ಯಾಟರಿಗೆ ಸಬ್ಸಿಡಿ ಇಲ್ಲ, ಹಾಗಾಗಿ ದುಬಾರಿ. ಆದರೆ ಲೈನಿನ ಕರೆಂಟು ಇಲ್ಲದಾಗಲೂ ಪ್ಯಾನೆಲ್ ಕೆಲಸ ಮಾಡುವುದು ಇದರಲ್ಲೇ.

ಲೈನ್‌ಮನ್ ಏನು ಹೇಳಿದರು ಎಂದು ತಿಳಿಸಿ. ಕೊಟೇಷನ್ ಕೂಡ ಹಾಕಿ. ಅದರಲ್ಲಿ ಪ್ಯಾನೆಲ್ಲಿನ ಕಂಪನಿ, ಡಿಸಿಆರ್ ಹೌದೋ ಅಲ್ಲವೋ, ಇನ್ವರ್ಟರಿನ ವಾರಂಟಿ ಎಷ್ಟು ವರ್ಷ, ಸ್ಟ್ಯಾಂಡಿನ ಕಬ್ಬಿಣ ಯಾವುದು, ಎರಡೂ ಕಡೆ ಲೆಕ್ಕ ಇಡುವ ನೆಟ್ ಮೀಟರಿನ ಖರ್ಚು ಯಾರದು, ಇವು ಬರೆದಿರದಿದ್ದರೆ ಬರೆಸಿಕೊಂಡೇ ಬನ್ನಿ.