ಮರಳು ನೋಡೋಕೆ ಎಷ್ಟು ದೂರ ಹೋಗಬೇಕು?

ಪ್ರಶ್ನೆ: ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ಮಾರವಾಡಿ ಮನೆಯವರು ಪ್ರತಿವರ್ಷ ಓಸಿಯಾನ್ ಅನ್ನೋ ಊರಿಗೆ ಹೋಗಿ ಬರುತ್ತಾರೆ. ಜೋಧಪುರದ ಹತ್ತಿರವಂತೆ, ಮರಳುಗಾಡಂತೆ. ಡಿಸೆಂಬರಿನಲ್ಲಿ ನಮಗೆ ಐದು ದಿನ ರಜೆ ಇದೆ. ಯಜಮಾನರು ಮರಳುಗಾಡು ಅಂದ್ರೆ ಜೈಸಲ್ಮೇರ್, ಉಳಿದದ್ದೆಲ್ಲ ಸುಮ್ನೆ ಅಂತಾರೆ. ಮಂಡಿನೋವಿನ ಅತ್ತೆ, ಹತ್ತು ವರ್ಷದ ಮಗ ಜತೆಗಿರುತ್ತಾರೆ. ಹೋಗಬಹುದಾ?
– ಗೃಹಿಣಿ, ಡೊಂಬಿವಲಿ

ಉತ್ತರ: ಹೋಗಿ. ಯಜಮಾನರ ಮಾತು ಪೂರ್ತಿ ತಪ್ಪಲ್ಲ, ದೊಡ್ಡ ದೊಡ್ಡ ದಿಬ್ಬ ಬೇಕಿದ್ದರೆ ಜೈಸಲ್ಮೇರ್ ಕಡೆಗೇ ಹೋಗಬೇಕು. ಆದರೆ ಜೋಧಪುರದಿಂದ ಅದು ಇನ್ನೂ ಐದಾರು ಗಂಟೆಯ ದಾರಿ. ನಿಮ್ಮ ಐದು ದಿನದಲ್ಲಿ ಹೋಗಿಬರುವ ರೈಲಿಗೇ ಹೆಚ್ಚುಕಡಿಮೆ ಎರಡು ದಿನ ಕಳೆಯುತ್ತದೆ, ಉಳಿದದ್ದು ಮೂರು, ಅದರಲ್ಲೂ ಒಂದೂವರೆ ದಿನ ಅತ್ತೆಯನ್ನು ಕಾರಿನಲ್ಲಿ ಕೂರಿಸಿದರೆ ಮಂಡಿ ಕತೆ ಏನಾಗಬೇಕು? ಓಸಿಯಾನ್ ಜೋಧಪುರದಿಂದ ಸುಮಾರು 65 ಕಿಲೋಮೀಟರ್. ಒಂದೂವರೆ ಗಂಟೆ ಸಾಕು.

ಮೊದಲು ರೈಲು. ಸೂರ್ಯನಗರಿ ಎಕ್ಸ್‌ಪ್ರೆಸ್ ಬಾಂದ್ರಾ ಟರ್ಮಿನಸ್‌ನಿಂದ ಮಧ್ಯಾಹ್ನ ಹೊರಟು ಮರುದಿನ ಬೆಳಗ್ಗೆ ಜೋಧಪುರ ಮುಟ್ಟಿಸುತ್ತದೆ. ಸಮಯ ಒಮ್ಮೆ ನೋಡಿಕೊಳ್ಳಿ. ಬಾಂದ್ರಾ ಟರ್ಮಿನಸ್ ಬೇರೆ, ಲೋಕಲ್ ನಿಲ್ಲುವ ಬಾಂದ್ರಾ ಸ್ಟೇಷನ್ ಬೇರೆ. ಡೊಂಬಿವಲಿಯಿಂದ ದಾದರ್, ದಾದರ್‌ನಲ್ಲಿ ವೆಸ್ಟರ್ನ್ ಲೈನಿಗೆ ಬದಲಾಯಿಸಿ ಬಾಂದ್ರಾ, ಅಲ್ಲಿಂದ ಆಟೋ. ಮೂರು ಬ್ಯಾಗು, ಒಬ್ಬ ಹುಡುಗ, ಅತ್ತೆ, ಇಷ್ಟಿದ್ದರೆ ಒಂದು ಗಂಟೆ ಜಾಸ್ತಿಯೇ ಇಟ್ಟುಕೊಳ್ಳಿ. ನಾನು ಒಮ್ಮೆ ದಾದರ್ ಸೇತುವೆ ಮೇಲೆ ಓಡಿದ್ದೇನೆ, ಅದನ್ನು ಇಲ್ಲಿ ಹೇಳಲಾರೆ.

ಜೋಧಪುರದಿಂದ ಹೋಗುವಾಗ ಮಥಾನಿಯಾ ಅಂತ ಊರು ಸಿಗುತ್ತದೆ. ನಮಗೆ ಬ್ಯಾಡಗಿ ಹೇಗೋ ಅವರಿಗೆ ಮಥಾನಿಯಾ, ಕೆಂಪು ಮೆಣಸಿನಕಾಯಿಗೆ ಹೆಸರು. ನಾನು ಅರ್ಧ ಕಿಲೋ ತಂದಿದ್ದೆ. ಬಣ್ಣ ಚೆನ್ನಾಗಿದೆ, ಆದರೂ ಸಾರಿನ ಪುಡಿಗೆ ನಮ್ಮ ಬ್ಯಾಡಗಿಯೇ ಸೈ.

ಈಗ ಮುಖ್ಯ ಮಾತು. ಜೋಧಪುರದ ಟ್ಯಾಕ್ಸಿಯವರು ಓಸಿಯಾನ್ ಅಂದರೆ ನಾಲ್ಕು ಗಂಟೆಯ ಕೆಲಸ ಮಾಡಿಬಿಡುತ್ತಾರೆ: ಒಂಟೆ ಹತ್ತು, ಫೋಟೋ ತೆಗೆಸಿಕೋ, ವಾಪಸ್. ಹಾಗೆ ಮಾಡಬೇಡಿ. ಒಂದು ರಾತ್ರಿ ಅಲ್ಲೇ ಉಳಿಯಿರಿ. ಯಾಕಂದ್ರೆ ಅದು ಮರಳು ನೋಡುವ ಜಾಗ ಮಾತ್ರ ಅಲ್ಲ, ಜನ ಇರುವ ಊರು, ಅದೂ ಸಾವಿರದ ಇನ್ನೂರು ವರ್ಷ ಹಳೆಯ ಊರು.

ನಿಮ್ಮ ನೆರೆಮನೆಯವರು ಓಸ್ವಾಲ್ ಜೈನರಾಗಿದ್ದರೆ ಅವರ ಕುಲದ ಹೆಸರೇ ಈ ಊರಿಂದ ಬಂದದ್ದು. ಇಲ್ಲಿನ ದೊಡ್ಡ ಗುಡಿಯ ದೇವಿ ಸಚ್ಚಿಯಾ ಮಾತಾ ಎಷ್ಟೋ ಓಸ್ವಾಲ್ ಮನೆತನಗಳ ಕುಲದೇವಿ. ಮೊದಲು ಈಕೆ ಚಾಮುಂಡಾ, ಬಲಿ ತೆಗೆದುಕೊಳ್ಳುತ್ತಿದ್ದವಳು, ಒಬ್ಬ ಜೈನ ಆಚಾರ್ಯರ ಮಾತಿಗೆ ಒಪ್ಪಿ ಮಾಂಸ ಬಿಟ್ಟಳು ಅಂತ ಕತೆ. ಈಗ ಸಿಹಿ ನೈವೇದ್ಯ. ನಾನು ಹೋದ ದಿನ ಮಲಾಡ್‌ನಿಂದ ಬಂದ ಒಂದು ಕುಟುಂಬ ಮಗುವಿನ ಜವಳ ತೆಗೆಸುತ್ತಿತ್ತು. ಮಗು ಕಿರುಚಾಡುತ್ತಿತ್ತು, ಅಜ್ಜಿ ಅದರ ಬಾಯಿಗೆ ಲಾಡು ತುರುಕುತ್ತಿದ್ದರು, ಅಪ್ಪ ಮಾತ್ರ ಫೋನಿನಲ್ಲಿ ಯಾರಿಗೋ ಮಾಲು ಯಾವಾಗ ಬರುತ್ತೆ ಅಂತ ಕೇಳುತ್ತಿದ್ದ. ವರ್ಷಕ್ಕೊಮ್ಮೆ ನಾಗನಿಗೆ ತನು, ಅಂದರೆ ಹಾಲು, ಎಳನೀರು ಹಾಕಿಸೋಕೆ ಬಸ್ಸಿನಲ್ಲಿ ರಾತ್ರಿಯಿಡೀ ಊರಿಗೆ ಹೋಗುವ ನಮ್ಮ ಮುಂಬೈ ಮಂದಿಗೆ ಇದು ಹೊಸದೇನಲ್ಲ, ಅಲ್ವಾ?

ಈ ಗುಡಿ ಗುಡ್ಡದ ಮೇಲಿದೆ. ಸಾಲು ಸಾಲು ಕಲ್ಲಿನ ತೋರಣದ ಕೆಳಗೆ ಮೆಟ್ಟಿಲು ಹತ್ತಬೇಕು. ಅತ್ತೆಯನ್ನು ಬೆಳಗ್ಗೆ ಬೇಗ ಕರೆದೊಯ್ಯಿರಿ, ಕೂತು ಕೂತು ಹತ್ತಲಿ. ಆಗದಿದ್ದರೆ ಬೇಸರ ಬೇಡ. ಕೆಳಗೆ ಹರಿಹರ ಗುಡಿಗಳಿವೆ. ಅರ್ಧ ವಿಷ್ಣು ಅರ್ಧ ಶಿವ, ನಮ್ಮ ದಾವಣಗೆರೆ ಜಿಲ್ಲೆಯ ಹರಿಹರದ ಹಾಗೆ. ನನಗಂತೂ ಮೇಲಿನ ದೊಡ್ಡ ಗುಡಿಗಿಂತ ಇವೇ ಇಷ್ಟ. ಜನ ಕಡಿಮೆ, ಕಂಬದ ಕೆತ್ತನೆಯನ್ನು ಮೂಗು ಹತ್ತಿರ ಇಟ್ಟು ನೋಡಬಹುದು.

ಮಹಾವೀರ ಬಸದಿ ಬಿಡಬೇಡಿ. ಆಗ ಆ ಕಡೆ ಆಳುತ್ತಿದ್ದ ಪ್ರತೀಹಾರ ವಂಶದ ರಾಜ ವತ್ಸರಾಜನ ಕಾಲದ್ದು, ಎಂಟನೇ ಶತಮಾನ. ಮಗನಿಗೆ ಇತಿಹಾಸ ಬೋರ್ ಅನ್ನಿಸಿದರೆ ಇದೊಂದು ಹೇಳಿ. ಎಲ್ಲೋರದ ಕೈಲಾಸ ಕೆತ್ತಿಸಿದ ಒಂದನೇ ಕೃಷ್ಣನ ಮಗ, ನಮ್ಮ ರಾಷ್ಟ್ರಕೂಟರ ಧ್ರುವ, ಉತ್ತರಕ್ಕೆ ದಂಡೆತ್ತಿ ಹೋಗಿ ಸೋಲಿಸಿದ್ದು ಇದೇ ವತ್ಸರಾಜನನ್ನು. ಸೋತವನನ್ನು ದಾರಿಯೇ ಇಲ್ಲದ ಮರುಭೂಮಿಗೆ ಅಟ್ಟಿದ ಅಂತ ಧ್ರುವನ ಮಗ ಮೂರನೇ ಗೋವಿಂದನ ತಾಮ್ರಶಾಸನದಲ್ಲಿದೆ. ಓಡಿಸಿದ ಕಡೆಯವರು ನಾವು, ಈಗ ಟಿಕೆಟ್ ಕೊಟ್ಟು ಅದೇ ಮರುಭೂಮಿ ನೋಡೋಕೆ ಹೋಗುತ್ತೇವೆ.

ಮರಳಿಗೆ ಸಂಜೆ ಹೋಗಿ. ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ, ಕೂತವರು ಮುಂದಕ್ಕೆ ಬೀಳುತ್ತಾರೆ. ನಾನು ಮೊದಲ ಸಲ ವಿಡಿಯೋ ಮಾಡುತ್ತಾ ಕೂತಿದ್ದೆ. ಫೋನ್ ಮರಳಿಗೆ, ನನ್ನ ಗಲ್ಲ ಜೀನಿನ ಗೂಟಕ್ಕೆ. ಏಳುವಾಗಲೂ ಕೂರುವಾಗಲೂ ಬೆನ್ನು ಹಿಂದಕ್ಕೆ ಹಾಕಿ, ಎರಡೂ ಕೈಯಲ್ಲಿ ಹಿಡಿದುಕೊಳ್ಳಿ. ಅತ್ತೆಗೆ ಒಂಟೆಗಾಡಿ ಕೇಳಿ, ಹಲಗೆ ಮೇಲೆ ಹಾಸಿಗೆ ಹಾಕಿರುತ್ತಾರೆ, ಆರಾಮ. ಸೂರ್ಯ ಮುಳುಗಿದ ಮೇಲೆ ಎಲ್ಲರೂ ಜೀಪಿಗೆ ಓಡುತ್ತಾರೆ, ನೀವು ಓಡಬೇಡಿ. ಹತ್ತು ನಿಮಿಷ ಕೂತು ಮರಳಿನೊಳಗೆ ಕೈ ಇಳಿಸಿ. ಮೇಲೆ ಆಗಲೇ ತಣ್ಣಗೆ, ನಾಲ್ಕು ಬೆರಳು ಕೆಳಗೆ ಇನ್ನೂ ಬಿಸಿ, ಆಗಷ್ಟೇ ಇಳಿಸಿದ ಇಡ್ಲಿ ಪಾತ್ರೆ ಮುಟ್ಟಿದ ಹಾಗೆ.

ಉಳಿಯುವ ಜಾಗ ಜಾಗ್ರತೆ. ನಾನು ಮೊದಲ ಸಲ ಫೋಟೋ ನೋಡಿ ಒಂದು ಕ್ಯಾಂಪ್ ಬುಕ್ ಮಾಡಿದ್ದೆ. ಫೋಟೋದಲ್ಲಿ ಮರಳಿನ ಸಮುದ್ರ, ಹೋಗಿ ನೋಡಿದರೆ ತಂತಿ ಬೇಲಿ, ಜನರೇಟರ್, ರಾತ್ರಿ ಹನ್ನೊಂದರವರೆಗೆ ಡಿಜೆ. ಬುಕ್ ಮಾಡುವ ಮುಂಚೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಹಾಡು ಎಷ್ಟು ಗಂಟೆಗೆ ನಿಲ್ಲುತ್ತೆ, ಅತ್ತೆಗೆ ಕಮೋಡ್ ಇದೆಯಾ? ಎರಡನೇ ಸಲ ನಾನು ಊರೊಳಗಿನ ಸಣ್ಣ ಗೆಸ್ಟ್‌ಹೌಸಿನಲ್ಲಿ ಉಳಿದೆ. ಸುಖವಾಗಿತ್ತು.

ಊಟಕ್ಕೆ ಸಜ್ಜೆ ರೊಟ್ಟಿ ಸಿಗುತ್ತದೆ, ಅಲ್ಲಿ ಸೋಗರಾ ಅಂತಾರೆ. ನಮ್ಮ ಬಾಗಲಕೋಟೆ ಕಡೆಯ ತೆಳು ರೊಟ್ಟಿಯಲ್ಲ, ದಪ್ಪ. ತುಪ್ಪ ಬೇಡ ಅಂದರೂ ಹಾಕುತ್ತಾರೆ. ಜತೆಗೆ ಕೇರ್ ಸಾಂಗ್ರಿ ಪಲ್ಯ. ಕೇರ್ ಅಂದರೆ ಮುಳ್ಳುಪೊದೆಯ ಸಣ್ಣ ಕಾಯಿ, ಸಾಂಗ್ರಿ ಅಂದರೆ ಖೇಜಡಿ ಮರದ ಕಾಯಿ, ಒಣಗಿಸಿ ಇಟ್ಟಿರುತ್ತಾರೆ. ಖೇಜಡಿ ಯಾವುದು ಗೊತ್ತಾ? ನಮ್ಮ ಬನ್ನಿ. ದಸರೆಗೆ ಎಲೆ ಕೊಟ್ಟು ಬಂಗಾರ ಅಂತೀವಲ್ಲ, ಅದೇ. ನಾವು ಎಲೆ ಹಂಚಿ ಮರ ಮರೆತುಬಿಡುತ್ತೇವೆ, ಅವರು ಬರಗಾಲದಲ್ಲಿ ಅದರ ಕಾಯಿ ತಿಂದು ಬದುಕಿದವರು. 1730ರಲ್ಲಿ ಜೋಧಪುರದ ಹತ್ತಿರ ಖೇಜಡಲಿ ಅನ್ನೋ ಹಳ್ಳಿಯಲ್ಲಿ ರಾಜನ ಆಳುಗಳು ಈ ಮರ ಕಡಿಯೋಕೆ ಬಂದಾಗ ಅಮೃತಾದೇವಿ ಮರ ಅಪ್ಪಿಕೊಂಡು ನಿಂತಳು. ಆಕೆಯೂ ಸೇರಿ, ಮರ, ಪ್ರಾಣಿ ಕಾಯುವುದೇ ಧರ್ಮ ಅನ್ನುವ ಬಿಷ್ಣೋಯಿ ಪಂಥದ 363 ಜನ ಪ್ರಾಣ ಕೊಟ್ಟರು. ಪಲ್ಯ ತಿನ್ನುವಾಗ ಮಗನಿಗೆ ಇದನ್ನೂ ಹೇಳಿ.

ಪ್ರಶ್ನೆ: ಮಕ್ಕಳಿಗೆ ರಜೆ ಇರೋದು ಮೇ ತಿಂಗಳಲ್ಲಿ. ಆಗ ಓಸಿಯಾನ್ ಹೋಗಬಹುದಾ?
– ಐಟಿ ಉದ್ಯೋಗಿ, ಪುಣೆ

ಉತ್ತರ: ಬೇಡ. 40 ದಾಟಿದ ಬಿಸಿಲು, ಗುಡಿಯ ಕಲ್ಲಿನ ಮೇಲೆ ಬರಿಗಾಲು. ಮೇನಲ್ಲಿ ಮಹಾಬಳೇಶ್ವರ ನೋಡಿಕೊಳ್ಳಿ. ದೀಪಾವಳಿ ರಜೆಯಿಂದ ಫೆಬ್ರವರಿವರೆಗೆ ಯಾವಾಗಲಾದರೂ ಸರಿ. ಡಿಸೆಂಬರ್, ಜನವರಿಯ ರಾತ್ರಿ ಚಳಿ ಜೋರು. ಪುಣೆಯವರ ಹತ್ತಿರ ಸ್ವೆಟರ್ ಇರುತ್ತದೆ, ತೊಂದರೆ ಮುಂಬೈಯವರದು, ತೆಳು ಶಾಲು ಹೊದ್ದು ಹೋಗಿ ನಡುಗುತ್ತಾರೆ. ಇನ್ನು ಮಳೆಗಾಲದ ಭಯ ಬೇಡ. ಜೋಧಪುರಕ್ಕೆ ವರ್ಷಕ್ಕೆಲ್ಲ ಬೀಳುವ ಮಳೆ 400 ಮಿಲಿಮೀಟರಿನ ಒಳಗೆ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದಿತ್ತು, ಲೆಕ್ಕ ಹಾಕಿಕೊಳ್ಳಿ.

ಪ್ರಶ್ನೆ: ನಮ್ಮ ಮನೆ ಹಿಂದೆಯೇ ಕೊಲ್ವಾ ಬೀಚ್. ಬೇಕಾದಷ್ಟು ಮರಳಿದೆ. ದುಡ್ಡು ಖರ್ಚು ಮಾಡಿ ಬೇರೆ ಮರಳು ಯಾಕೆ ನೋಡಬೇಕು?
– ಹೋಟೆಲ್ ನಡೆಸುವವರು, ಮಡಗಾಂವ್

ಉತ್ತರ: ನೀವು ಹೋಗಬೇಡಿ. ಆದರೆ ನಿಮ್ಮ ಹೋಟೆಲಿಗೆ ಜೋಧಪುರದವರು ಬಂದರೆ ಅವರ ಮಕ್ಕಳನ್ನು ನೋಡಿ. ಮರಳನ್ನು ತಿರುಗಿಯೂ ನೋಡದೆ ಸೀದಾ ನೀರಿಗೆ ಓಡುತ್ತವೆ.